ಎರಡು ಸಲ ಕಚ್ಚಿದ ಪಿನ್ನು

"ಇದನ್ನೇ ತಗೊಳ್ಳಿ ಅಕ್ಕಾ, ಬೇರೆ ಯೋಚ್ನೆನೇ ಬೇಡ. ಹಿಡಿ ನೋಡಿ ಎಷ್ಟು ಗಟ್ಟಿ! ಆನೆ ತುಳಿದ್ರೂ ಜಪ್ಪಯ್ಯ ಅನ್ನಲ್ಲ."

ಸೂಪರ್‌ವೈಸರ್ ಮೇಜಿನ ಮೇಲೆ ಸಾಲಾಗಿಟ್ಟಿದ್ದ ವೈರಿನ ತುದಿಗೆ ಪಿನ್ನು ಒತ್ತುವ ನಾಲ್ಕು ಕ್ರಿಂಪಿಂಗ್ ಟೂಲ್‌ಗಳಲ್ಲಿ ಎಲ್ಲಕ್ಕಿಂತ ದಪ್ಪದ್ದನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿ ನೋಡಿದ. ಚಿಮಟದಕ್ಕ ಟೂಲನ್ನು ನೋಡಲಿಲ್ಲ. ಅದನ್ನು ಹಿಡಿದ ಕೈಯನ್ನೇ ನೋಡುತ್ತಿದ್ದಳು.

ಆ ಕೈಗಾಗಿ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. "ತಮ್ಮನ ಟೂಲ್ ಎಲ್ಲೋ ಕಳೆದುಹೋಯ್ತು, ಹೊಸದು ತಗೋಬೇಕು. ನೀವು ಯಂತ್ರಗಳ ಮಧ್ಯೆನೇ ತಲೆ ಬೆಳ್ಳಗೆ ಮಾಡ್ಕೊಂಡೋರು, ಒಂಚೂರು ಬಂದು ನೋಡಿ ಹೇಳಿ" ಎಂದು ಫೋನಿನಲ್ಲಿ ಬೆಣ್ಣೆ ಹಚ್ಚಿದ್ದಳು. ಹಚ್ಚುವಾಗ ತನ್ನ ನಾಲಗೆಯೇ ತನಗೆ ಅಸಹ್ಯವಾಗಿತ್ತು. ಇರಲಿ. ಬೇಟೆ ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಕುರ್ಚಿ ಎಳೆದು ಕೂತು, ಚಹಾ ಕುಡಿದು, ಸಕ್ಕರೆ ಕಡಿಮೆಯಾಯಿತು ಅಂತ ಬೇರೆ ಹೇಳಿತ್ತು!

"ಚಹಾ ಇನ್ನೊಂದು ಲೋಟ ತರಿಸ್ಲಾ?" ಎಂದಳು.

"ಬೇಡಕ್ಕಾ. ನಿಮ್ಮ ಮನಸ್ಸು ದೊಡ್ಡದು. ಅಷ್ಟೆಲ್ಲ ಆದ್ಮೇಲೂ ನನ್ನ ಕರೆದ್ರಲ್ಲ."

ಚಿಮಟದಕ್ಕ ಹಲ್ಲು ಕಚ್ಚಿಕೊಂಡು ನಕ್ಕಳು.

ಅವಳ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮೂಕವಾದ ರಿಮೋಟು, ಗೊರಗೊರ ಅನ್ನುವ ರೇಡಿಯೋ, ಮುದುಕರ ಕಿವಿಯಂತ್ರ, ಏನು ಕೆಟ್ಟರೂ ಈ ಇಕ್ಕಟ್ಟಾದ ಅಂಗಡಿಗೇ ಬರುತ್ತಿತ್ತು. ತುರುಬಿಗೆ ಸಿಕ್ಕಿಸಿಕೊಂಡ ಚಿಮಟವನ್ನು ಆಕೆ ಸರಕ್ಕನೆ ಎಳೆದಳೆಂದರೆ ಅರ್ಧ ರಿಪೇರಿ ಆದಂತೆಯೇ. ಈಗ ಆ ಬೀದಿಯವರೇ ಕೆಟ್ಟ ಸಾಮಾನನ್ನು ಬಗಲಲ್ಲಿ ಬಚ್ಚಿಟ್ಟುಕೊಂಡು ಆಚೆ ಬೀದಿಯ ಅಂಗಡಿಗೆ ಹೋಗುತ್ತಿದ್ದರು. "ತಮ್ಮನಿಗೆ ಕೆಲಸ ಕಲಿಸಿದ್ದು ಇವಳೇ ತಾನೆ?" ಎಂದು ಅವಳ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಬೆನ್ನಿಗೂ ಕಿವಿಯಿರುತ್ತದೆ ಅಂತ ಈ ಜನಕ್ಕೆ ಯಾವಾಗ ತಿಳಿಯುತ್ತದೋ!

ತಮ್ಮ ರಟ್ಟಿನ ಪೆಟ್ಟಿಗೆ ಮಾಡುವ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದ. ಅಲ್ಲಿ ರಟ್ಟು ಕತ್ತರಿಸುವ ದೊಡ್ಡ ಪ್ರೆಸ್ಸು. ಅದರ ಬಾಯಿಯ ಎರಡು ಬದಿಗೂ ಎರಡು ಕಂಬ, ನಡುವೆ ಕಣ್ಣಿಗೆ ಕಾಣದ ಬೆಳಕು. ಕೈ ಅಡ್ಡ ಬಂದರೆ ಯಂತ್ರ ನಿಲ್ಲಬೇಕು. ಅದಕ್ಕೆ ಎಲ್ಲರೂ ಯಂತ್ರದ ಕಣ್ಣು ಅನ್ನುತ್ತಿದ್ದರು. ಆದರೆ ಅದು ಓಬೀರಾಯನ ಕಾಲದ ಯಂತ್ರ. ಕಣ್ಣಿನ ವೈರು ಬಿಟ್ಟುಹೋದರೆ ಅಡ್ಡ ಕೈಯೇ ಇಲ್ಲವೆಂದು ಅದು ತಿಳಿದುಕೊಳ್ಳುತ್ತಿತ್ತು. ಆ ದಿನ ವೈರು ಬಿಟ್ಟುಹೋಗಿತ್ತು. ಒಳಗೆ ಬಗ್ಗಿದ್ದ ತಮ್ಮ ಮತ್ತೆ ಏಳಲಿಲ್ಲ.

ವರದಿ ಬರೆದವನು ಇದೇ ಸೂಪರ್‌ವೈಸರ್. ಆ ವೈರಿನ ತುದಿಗೆ ಮೆಕ್ಯಾನಿಕ್ ತಾನೇ ಹಾಕಿದ್ದ ಪಿನ್ನು ಸಡಿಲವಾಗಿತ್ತು, ತನ್ನ ಕೆಲಸಕ್ಕೆ ತಾನೇ ಬಲಿಯಾದ ಎಂದು ಬರೆದು ಕೈ ತೊಳೆದುಕೊಂಡಿದ್ದ. ಸತ್ತವನ ತಲೆಯ ಮೇಲೆ ಗೂಬೆ ಕೂರಿಸುವುದಕ್ಕೆ ಎಷ್ಟು ಹೊತ್ತು ಬೇಕು?

ಕೇಸು ಮುಚ್ಚಿದ ಮೇಲೆ ಪೊಲೀಸ್ ಠಾಣೆಯವರು ತಮ್ಮನ ಸಾಮಾನನ್ನೆಲ್ಲ ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಅದರಲ್ಲಿ ಆ ಪಿನ್ನೂ ಇತ್ತು. ಅಕ್ಕಿಕಾಳಿನಷ್ಟು ಉದ್ದ, ಬಾಲಕ್ಕೆ ತುಂಡು ವೈರು. ಚಿಮಟದಕ್ಕ ಅದನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದ್ದಳು.

ಅದು ತಮ್ಮ ಹಾಕಿದ ಪಿನ್ನೇ ಅಲ್ಲ!

ತಮ್ಮನ ಟೂಲು ಒಮ್ಮೆ ಇದೇ ಅಂಗಡಿಯ ನೆಲಕ್ಕೆ ಬಿದ್ದು ದವಡೆಯ ಅಂಚಿನಲ್ಲಿ ಸಣ್ಣ ಚೂರು ಹಾರಿಹೋಗಿತ್ತು. ಅವತ್ತು ಅವನಿಗೆ ಬಾಯಿಗೆ ಬಂದಂತೆ ಬೈದಿದ್ದಳು. ಅಂದಿನಿಂದ ಅವನು ಒತ್ತಿದ ಪ್ರತಿ ಪಿನ್ನಿನ ಹೊಟ್ಟೆಯ ಮೇಲೂ ಕೂದಲೆಳೆಯಂಥ ಒಂದು ಗೆರೆ ಏಳುತ್ತಿತ್ತು. ಸಾವಿರ ಪಿನ್ನುಗಳ ನಡುವೆ ಬೆರೆಸಿಟ್ಟರೂ ಅಕ್ಕ ಅದನ್ನು ಗುರುತಿಸುತ್ತಿದ್ದಳು. ಠಾಣೆಯಿಂದ ಬಂದ ಪಿನ್ನಿನ ಮೇಲೆ ಆ ಗೆರೆ ಇರಲಿಲ್ಲ. ಜೊತೆಗೆ ತಮ್ಮನ ಟೂಲೂ ಪೊಟ್ಟಣದಲ್ಲಿರಲಿಲ್ಲ.

ಇನ್ನೂ ಒಂದಿತ್ತು. ಇಂಥ ಪಿನ್ನಿನ ಬಾಲದಲ್ಲಿ ಎರಡು ಜೊತೆ ರೆಕ್ಕೆ. ಮುಂದಿನ ಜೊತೆ ತಾಮ್ರದ ಎಳೆಗಳನ್ನು ಅಪ್ಪಿ ಒಳಕ್ಕೆ ಮಡಚಿಕೊಳ್ಳಬೇಕು, ಹಿಂದಿನ ಜೊತೆ ವೈರಿನ ಪ್ಲಾಸ್ಟಿಕ್ ಚರ್ಮವನ್ನು ಹಿಡಿಯಬೇಕು. ಈ ಪಿನ್ನಿನಲ್ಲಿ ಮುಂದಿನ ರೆಕ್ಕೆಗಳು ಮಡಚಿರಲೇ ಇಲ್ಲ, ಸುಮ್ಮನೆ ಬಳೆಯ ಹಾಗೆ ದುಂಡಗೆ ನಿಂತಿದ್ದವು. ತಾಮ್ರ ಒಳಗೆ ಲೊಡಲೊಡ. ಹಿಂದಿನ ರೆಕ್ಕೆಗಳನ್ನು ಮಾತ್ರ ಯಾರೋ ಒಂದು ಸಲ ಕಚ್ಚಿಸಿ, ಒಂದಿಷ್ಟು ತಿರುಗಿಸಿ, ಇನ್ನೊಂದು ಸಲ ಕಚ್ಚಿಸಿದ್ದರು. ಎರಡು ಕಚ್ಚು, ಒಂದರ ಮೇಲೊಂದು ಓರೆಯಾಗಿ. ಹಾಗೆ ಒತ್ತುವವರನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ.

"ಈ ಪಿನ್ ಹಾಕಿದ ಕೈ ಯಾವುದೇ ಇರ್ಲಿ," ಎಂದು ಅವತ್ತೇ ತಮ್ಮನ ಹೆಂಡತಿಯ ಎದುರು ಹೇಳಿದ್ದಳು. "ಆ ಕೈಯನ್ನ ಅದೇ ಯಂತ್ರದ ಬಾಯಿಗೆ ಕೊಡ್ತೀನಿ ಕಣೇ. ಕೊಡದೇ ಹೋದ್ರೆ ನಾನು ಅವನ ಅಕ್ಕನೇ ಅಲ್ಲ."

ಆ ಹುಡುಗಿ ಒಗೆದ ಬಟ್ಟೆ ಹಿಂಡುತ್ತ ನಿಂತಿದ್ದವಳು ಹಿಂಡುತ್ತಲೇ ಇದ್ದಳು. ಗಂಡ ಹೋದ ಮೇಲೆ ಅವಳ ಮಾತೇ ಅರ್ಧವಾಗಿತ್ತು. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಅತ್ತಿಗೆಯ ಜೊತೆಗೇ ಉಳಿದಿದ್ದಳು. ಈಗಲೂ ಪರದೆಯ ಆಚೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಎಲ್ಲಿ ಕಳೆದುಹೋದ್ರಿ ಅಕ್ಕಾ?" ಸೂಪರ್‌ವೈಸರ್ ಅವಳ ಮುಖದ ಮುಂದೆ ಟೂಲ್ ಆಡಿಸಿದ. "ಇದು ಬೇಡ್ವಾ?"

"ಬೇಡ ಅಂತಲ್ಲ. ಸಣ್ಣ ಪಿನ್ನಿಗೆ ಬೇಕಾಗಿತ್ತು. ಒಂದು ಒತ್ತಿ ತೋರಿಸ್ಬಿಡಿ, ನಂಗೂ ಸಮಾಧಾನ."

ಟೂಲ್ ಅಂಗಡಿಯ ಮುದುಕನಿಂದ ನಾಲ್ಕನ್ನೂ ನೋಡಿ ವಾಪಸ್ ಕೊಡುತ್ತೇನೆಂದು ತಂದಿದ್ದಳು. ಬೆಳಿಗ್ಗೆಯೇ ಒಂದೊಂದರಲ್ಲೂ ಒಂದೊಂದು ಪಿನ್ನು ಒತ್ತಿ ಭೂತಗನ್ನಡಿ ಹಿಡಿದಿದ್ದಳು. ಮೊದಲನೆಯದು ಬ್ಯಾಟರಿಯ ದಪ್ಪ ವೈರಿನದು, ಸಣ್ಣ ಪಿನ್ನು ಅದರ ಬಾಯಲ್ಲಿ ಚಪ್ಪಟೆಯಾಗಿ ಸಾಯುತ್ತದೆ. ಎರಡನೆಯದು ಪೂರ್ತಿ ಒತ್ತುವವರೆಗೂ ಬಾಯಿ ಬಿಡದ ಜಾತಿಯದು, ಒಳ್ಳೆಯದೇ, ಆದರೆ ಗುಳಿ ಒಂದು ಅಳತೆ ದೊಡ್ಡದು. ಮೂರನೆಯದು ತಮ್ಮನ ಟೂಲಿನ ತದ್ರೂಪ. ತೆಳ್ಳಗಿನ ದವಡೆ, ತಾಮ್ರಕ್ಕೊಂದು ಗುಳಿ, ಚರ್ಮಕ್ಕೊಂದು ಗುಳಿ, ರೆಕ್ಕೆಗಳು ಒಳಕ್ಕೆ ಮಡಚಿ ಗಟ್ಟಿಯಾಗಿ ಕೂರುತ್ತವೆ. ಕಣ್ಣು ಮುಚ್ಚಿ ತಗೊಳ್ಳಬೇಕಾದದ್ದು ಅದನ್ನೇ.

ನಾಲ್ಕನೆಯದು ಕೆಂಪು ಹಿಡಿಯ ಅಗ್ಗದ ಮಾಲು. ಅದರಲ್ಲಿ ಒತ್ತಿದಾಗ ಮುಂದಿನ ರೆಕ್ಕೆಗಳು ಮಡಚದೆ ಬಳೆಯ ಹಾಗೆ ದುಂಡಗೆ ನಿಂತಿದ್ದವು. ಥೇಟ್ ಠಾಣೆಯ ಪಿನ್ನಿನ ಹಾಗೆ.

ಹಂತಕನ ಟೂಲು ಇಂಥದ್ದೇ ಎಂದು ಗೊತ್ತಾಗಿತ್ತು. ಇನ್ನು ಬೇಕಾದದ್ದು ಕೈ. ಎರಡು ಸಲ ಕಚ್ಚಿಸುವ ಕೈ. ಕೈಗೆ ಬಿದ್ದ ಅಭ್ಯಾಸವನ್ನು ಯಾರಿಂದಲೂ ಬಚ್ಚಿಡಲಾಗುವುದಿಲ್ಲ ಎನ್ನುವುದು ಅವಳ ಲೆಕ್ಕ. ನಡೆಯುವ ರೀತಿ ಬಚ್ಚಿಡಬಹುದೇ?

ಸೂಪರ್‌ವೈಸರ್ ದಪ್ಪ ಟೂಲಿನ ಬಾಯಿಗೆ ಪಿನ್ನು ಇಟ್ಟ. ಅದು ಜಾರಿತು. ಮತ್ತೆ ಇಟ್ಟ. ನಾಲಗೆ ಹೊರಗೆ ಹಾಕಿ, ಉಸಿರು ಹಿಡಿದು ಒತ್ತಿದ. ಟಪ್ಪನೆ ಪಿನ್ನು ಹಾರಿ ಅವನ ಚಹಾದ ಲೋಟದೊಳಗೆ ಬಿತ್ತು.

"ಇದ್ಯಾಕೋ ಮುನಿಸ್ಕೊಂಡಿದೆ," ಎಂದು ಹುಳ್ಳಗೆ ನಕ್ಕ.

"ಈ ಕೆಂಪುದ್ರಲ್ಲಿ ಒತ್ತಿ ನೋಡಿ." ಚಿಮಟದಕ್ಕ ನಾಲ್ಕನೆಯದನ್ನು ಮುಂದಕ್ಕೆ ತಳ್ಳಿದಳು. ಅವಳ ಮೈಯೆಲ್ಲ ಕಣ್ಣಾಗಿತ್ತು.

ಅವನು ಕೆಂಪು ಹಿಡಿಯನ್ನು ತಿರುವಿ ಮುರುವಿ ನೋಡಿದ. ಹಿಡಿದದ್ದೇ ಉಲ್ಟಾ. ಪಿನ್ನಿನ ಮೂತಿಯನ್ನು ಒಳಗಿಟ್ಟು ಬಾಲವನ್ನು ಹೊರಗೆ ಬಿಟ್ಟ. ವೈರಿನ ಚರ್ಮ ಸುಲಿಯುವುದನ್ನೇ ಮರೆತ. ಒತ್ತಿದಾಗ ಪಿನ್ನು ಹಪ್ಪಳವಾಯಿತು.

"ಅಯ್ಯೋ ಬಿಡಿ ಅಕ್ಕಾ, ಇದು ನಮ್ಮ ಬೆರಳಿಗೆ ಆಗೋ ಕೆಲಸ ಅಲ್ಲ. ಇದೆಲ್ಲ ನಿಮ್ಮ ತಮ್ಮನೇ ನೋಡ್ಕೊಳ್ತಿದ್ದ."

ನಾಟಕವೋ? ನಾಟಕವಾದರೆ ಇವನಂಥ ನಟ ಇನ್ನೊಬ್ಬನಿಲ್ಲ. ಚಿಮಟದಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು. ತುರುಬಿನಿಂದ ಚಿಮಟ ಎಳೆದು, ಬಿಳಿ ಹಾಳೆಯ ಮಡಿಕೆ ಬಿಚ್ಚಿ, ಠಾಣೆಯ ಪಿನ್ನನ್ನು ಎತ್ತಿ ಅವನ ಮೂಗಿನ ಕೆಳಗೆ ಹಿಡಿದಳು.

"ಇದನ್ನಾದ್ರೂ ಗುರುತು ಹಿಡೀತೀರಾ ಸಾಹೇಬ್ರೇ?"

ಅವನ ನಗು ಹಾಗೇ ಅರ್ಧದಲ್ಲಿ ನಿಂತಿತು.

"ಅದೇ ಪಿನ್ನಾ?"

"ಅದೇ. ನನ್ನ ತಮ್ಮ ಹಾಕಿದ್ದು ಅಂತ ನೀವು ಬರೆದದ್ದು. ಇದು ಅವನು ಹಾಕಿದ್ದಲ್ಲ. ಅವನ ಟೂಲಿಂದ ಬಂದದ್ದಲ್ಲ. ಯಾರು ಹಾಕಿದ್ದು?"

"ನಂಗೇನು ಗೊತ್ತು?"

"ಗೊತ್ತಿಲ್ದೇ ಬರೆದ್ರಾ? ಸತ್ತೋನು ಎದ್ದು ಬಂದು ಸುಳ್ಳು ಅನ್ನಲ್ಲ ಅನ್ನೋ ಧೈರ್ಯಾನಾ?"

"ಅಕ್ಕಾ, ಮಾತು ಹಿಡಿತದಲ್ಲಿರ್ಲಿ."

"ಹಿಡಿತ! ನಿಮ್ಮ ಯಂತ್ರಕ್ಕೆ ಹಿಡಿತ ಇತ್ತಾ? ಆ ಕಣ್ಣು ಮುಚ್ಚಿಸೋಕೆ ಯಾರು ಹಾತೊರೀತಿದ್ರು ಅಂತ ನಂಗೊತ್ತಿಲ್ಲ ಅಂದ್ಕೊಂಡ್ರಾ? ಕೈ ಅಡ್ಡ ಬಂದಾಗೆಲ್ಲ ಯಂತ್ರ ನಿಲ್ಲುತ್ತೆ, ಕೆಲಸ ಸಾಗಲ್ಲ ಅಂತ ಬೊಬ್ಬೆ ಹೊಡೀತಿದ್ದೋರು ಯಾರು?"

ಸೂಪರ್‌ವೈಸರ್ ಎದ್ದು ನಿಂತ. ಹೊರಟೇಬಿಡುತ್ತಾನೆ ಅಂದುಕೊಂಡಳು. ಅವನು ಹೋಗಲಿಲ್ಲ. ಮತ್ತೆ ಕೂತ. ಕೂತ ರೀತಿಯಲ್ಲೇ ಅವನ ದೊಡ್ಡ ಮೈ ಸಣ್ಣದಾದಂತೆ ಕಂಡಿತು.

"ನಾನೇ," ಎಂದ. "ಕಣ್ಣು ಮುಚ್ಚು ಅಂತ ಹೇಳಿದ್ದು ನಾನೇ. ಅವನು ಕಡ್ಡಿ ಮುರಿದ ಹಾಗೆ ಆಗಲ್ಲ ಅಂದ. ಎಲ್ಲರೆದುರಿಗೆ ಅಂದ. ನಂಗೆ ತಲೆ ಕೆಟ್ಟುಹೋಯ್ತು. ಕೆನ್ನೆಗೆ ಬಾರಿಸ್ಬಿಟ್ಟೆ."

ಚಿಮಟದಕ್ಕ ಪಿನ್ನನ್ನು ಹಾಳೆಯ ಮೇಲಿಟ್ಟಳು.

"ನನ್ನ ತಮ್ಮನ ಮೇಲೆ ಕೈ ಮಾಡಿದ್ರಾ?"

"ಅವನು ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಸಣ್ಣವನಿದ್ದಾಗ ಯಾರಾದರೂ ಹೊಡೆದರೆ ಅಳುತ್ತ ಓಡಿ ಬಂದು ಅವಳ ಸೆರಗಿನ ಹಿಂದೆ ನಿಲ್ಲುತ್ತಿದ್ದವನು, ಇದನ್ನು ನುಂಗಿಕೊಂಡು ಸುಮ್ಮನೆ ಬಂದು ಉಂಡು ಮಲಗಿದ್ದ. 

"ಕೆನ್ನೆಗೆ ಹೊಡೆದ್ರೂ ಸಿಟ್ಟು ತೀರಲಿಲ್ಲ, ಅದಕ್ಕೇ ಸಡಿಲ ಪಿನ್ ಹಾಕಿಸಿದ್ರಿ. ಅಲ್ವಾ?"

"ಅಲ್ಲ! ದೇವರಾಣೆಗೂ ಅಲ್ಲ." ಅವನ ದೊಡ್ಡ ಗಂಟಲು ಒಡೆಯಿತು. "ನಮ್ಮಲ್ಲಿ ಇಷ್ಟು ಸಣ್ಣ ಪಿನ್ ಹಾಕೋ ಟೂಲೇ ಇಲ್ಲ ಅಕ್ಕಾ. ಬೇಕಾದ್ರೆ ಬಂದು ಮೂಲೆ ಮೂಲೆ ಹುಡುಕಿ. ಆ ವೈರನ್ನ ಅವನೇ ಮನೆಯಿಂದ ತಂದದ್ದು. ಪಿನ್ ಹಾಕಿದ್ದೇ ತಂದದ್ದು. ನನ್ನ ಕಣ್ಣೆದುರಿಗೇ ಕಂಬದ ಬುಡದಲ್ಲಿ ಕೂರಿಸ್ದ. ಅದಕ್ಕೇ ಅವನದೇ ಕೆಲಸ ಅಂತ ಬರೆದೆ. ಸುಳ್ಳು ಬರೀಲಿಲ್ಲ."

"ಯಾವತ್ತು ಕೂರಿಸಿದ್ದು?"

"ಸಾಯೋ ಹಿಂದಿನ ದಿನ."

ಮನೆಯಿಂದ. ಚಿಮಟದಕ್ಕ ಠಾಣೆಯ ಪಿನ್ನನ್ನು ಮತ್ತೊಮ್ಮೆ ನೋಡಿದಳು. ಮನೆಯಲ್ಲಿ ಒತ್ತಿದ್ದರೆ ತಮ್ಮ ತನ್ನ ಟೂಲಿನಲ್ಲೇ ಒತ್ತಬೇಕಿತ್ತು. ಗೆರೆ ಏಳಬೇಕಿತ್ತು. ಎದ್ದಿಲ್ಲ. ಈ ಮನೆಯಲ್ಲಿ ಟೂಲು ಹಿಡಿಯುವ ಕೈ ಇನ್ಯಾವುದು? ತನ್ನದು. ತಾನಂತೂ ಒತ್ತಿಲ್ಲ.

"ಇನ್ನೊಂದು ಹೇಳ್ತೀನಿ," ಸೂಪರ್‌ವೈಸರ್ ದನಿ ಇಳಿಸಿದ. "ಯಾರ ಹತ್ರಾನೂ ಹೇಳಿಲ್ಲ. ಅವನು ಸತ್ತ ದಿನ ಯಂತ್ರದೊಳಗೆ ರಟ್ಟಿನ ತುಂಡು ಸಿಕ್ಕಾಕ್ಕೊಂಡಿತ್ತು. ಅಂಥದ್ದನ್ನ ತೆಗೆಯೋದು ಯಾವಾಗ್ಲೂ ನಾನೇ, ಇನ್ನೊಬ್ಬರ ಕೈಗೆ ಬಿಡಲ್ಲ. ನನ್ನದೊಂದು ಹಠ ಅಂತಾನೇ ಇಟ್ಕೊಳ್ಳಿ. ತೋಳು ಮಡಚಿ ಇನ್ನೇನು ಬಗ್ಗಬೇಕು, ಗೇಟಿನ ಹತ್ರ ಯಾರೋ ಕರೀತಿದಾರೆ ಅಂತ ವಾಚ್‌ಮನ್ ಬಂದ. ಹೋದೆ. ಗೇಟಲ್ಲಿ ನರಪಿಳ್ಳೆನೂ ಇರ್ಲಿಲ್ಲ. ವಾಪಸ್ ತಿರುಗೋ ಹೊತ್ತಿಗೆ ಒಳಗಿಂದ ಕೂಗು ಕೇಳಿಸ್ತು."

"ಯಾರು ಕರೆಸಿದ್ದು?"

"ಅದು ಗೊತ್ತಾಗಿದ್ರೆ ನಂಗೆ ನಿದ್ದೆ ಬರ್ತಿತ್ತು. ಸಾಯಬೇಕಾದೋನು ನಾನು ಅಕ್ಕಾ. ಯಾರೋ ನನ್ನ ಈಚೆ ಕರೆಸಿ ಉಳಿಸಿದ್ರು."

ಚಿಮಟದಕ್ಕ ಅವನ ಮುಖವನ್ನೇ ನೋಡಿದಳು. ಬೇಟೆ ಎಂದು ಕರೆಸಿಕೊಂಡವನ ಕಣ್ಣಲ್ಲಿ ನೀರಾಡುತ್ತಿತ್ತು. ಅದನ್ನು ನೋಡಿ ಅವಳಿಗೆ ಕನಿಕರ ಬರಲಿಲ್ಲ, ಇನ್ನಷ್ಟು ಸಿಟ್ಟೇ ಬಂತು. ಇವನನ್ನು ದ್ವೇಷಿಸುವುದು ಎಷ್ಟು ಸಲೀಸಾಗಿತ್ತು! ಬೆಳಿಗ್ಗೆ ಎದ್ದರೆ ಇವನ ಮುಖ, ರಾತ್ರಿ ಮಲಗಿದರೆ ಇವನ ಮುಖ. ಇವನಲ್ಲದಿದ್ದರೆ ಇನ್ನು ಯಾರ ಮುಖ ಇಟ್ಟುಕೊಂಡು ಬದುಕುವುದು?

"ಹೋಗಿ," ಎಂದಳು. "ನನ್ನ ತಮ್ಮನ ಕೆನ್ನೆ ಮುಟ್ಟಿದ ಕೈ ಅದು. ಅದರ ಲೆಕ್ಕ ಇನ್ನೂ ಬಾಕಿ ಇದೆ. ಸದ್ಯಕ್ಕೆ ಎದ್ದು ಹೋಗಿ."

ಅವನು ಬಾಗಿಲ ತನಕ ಹೋಗಿ ತಿರುಗಿದ. ಮೇಜಿನ ಮೇಲಿನ ಪಿನ್ನನ್ನು ಇನ್ನೊಮ್ಮೆ ನೋಡಿ ಇಳಿದುಹೋದ.

ಅಂಗಡಿಯಲ್ಲಿ ಮಧ್ಯಾಹ್ನದ ಬಿಸಿಲು ಮೇಜಿನವರೆಗೂ ಬಂದಿತ್ತು. ಪರದೆಯ ಆಚೆ ಪಾತ್ರೆಗಳ ಸದ್ದು ಯಾವಾಗಲೋ ನಿಂತಿತ್ತು ಅನ್ನುವುದು ಚಿಮಟದಕ್ಕನಿಗೆ ಈಗ ಗೊತ್ತಾಯಿತು. ಪರದೆ ಸರಿಯಿತು. ತಮ್ಮನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

"ಲೋಟ ತಗೊಂಡು ಹೋಗೇ. ಅದರಲ್ಲಿ ಪಿನ್ ಬಿದ್ದಿದೆ, ಚೆಲ್ಲೋವಾಗ ನೋಡ್ಕೋ."

ಹುಡುಗಿ ಲೋಟ ಮುಟ್ಟಲಿಲ್ಲ. ಸೂಪರ್‌ವೈಸರ್ ಬಿಟ್ಟುಹೋದ ಕುರ್ಚಿಯಲ್ಲಿ ಕೂತಳು. ನಾಲ್ಕು ಟೂಲ್‌ಗಳ ಮೇಲೆ ಕಣ್ಣಾಡಿಸಿದಳು. ಒಳ್ಳೆಯದನ್ನು ಬಿಟ್ಟು ಕೆಂಪು ಹಿಡಿಯದನ್ನು ಎತ್ತಿಕೊಂಡಳು.

"ಅದು ಕಸ. ಅದನ್ನ ಇಡು," ಎಂದಳು ಚಿಮಟದಕ್ಕ.

ಹುಡುಗಿ ಇಡಲಿಲ್ಲ. ಒಂದು ವೈರು ತಗೊಂಡು ಹಲ್ಲಿನಿಂದಲೇ ಅದರ ತುದಿಯ ಚರ್ಮ ಸುಲಿದಳು. ತಾಮ್ರದ ಎಳೆಗಳನ್ನು ಎರಡು ಬೆರಳಲ್ಲಿ ಹೊಸೆದಳು. ಪಿನ್ನನ್ನು ನೋಡದೆಯೇ ದವಡೆಯಲ್ಲಿಟ್ಟಳು. ಎಷ್ಟೋ ಸಾವಿರ ಪಿನ್ನು ಹಾಕಿದ ಬೆರಳು ಮಾತ್ರ ಹಾಗೆ ಆಡುತ್ತದೆ. ಮುಂದಿನ ರೆಕ್ಕೆಗಳನ್ನು ಒತ್ತಿದಳು. ಹಿಂದಿನ ರೆಕ್ಕೆಗಳನ್ನು ಕಚ್ಚಿಸಿದಳು. ಬೆರಳ ತುದಿಯಲ್ಲಿ ವೈರನ್ನು ಒಂದಿಷ್ಟು ತಿರುಗಿಸಿದಳು.

ಮತ್ತೆ ಕಚ್ಚಿಸಿದಳು.

ಚಿಮಟದಕ್ಕನಿಗೆ ಭೂತಗನ್ನಡಿ ಬೇಕಾಗಲಿಲ್ಲ. ಆದರೂ ಹಿಡಿದಳು.  ಎರಡು ಕಚ್ಚು, ಒಂದರ ಮೇಲೊಂದು ಓರೆಯಾಗಿ. ಅದನ್ನು ಠಾಣೆಯ ಪಿನ್ನಿನ ಪಕ್ಕದಲ್ಲಿಟ್ಟಳು. ಅವಳಿ ಮಕ್ಕಳ ಹಾಗಿದ್ದವು.

"ಎಲ್ಲಿ ಕಲಿತೆ?" ದನಿ ತನ್ನದೇ ಅನ್ನಿಸಲಿಲ್ಲ ಅವಳಿಗೆ.

"ಮದುವೆಗೆ ಮುಂಚೆ ಗೊಂಬೆ ಫ್ಯಾಕ್ಟರೀಲಿದ್ನಲ್ಲ ಅತ್ತಿಗೆ. ಮಾತಾಡೋ ಗೊಂಬೆ. ಅದರ ಹೊಟ್ಟೆಗೆ ವೈರ್ ಹಾಕೋದು ನಮ್ಮ ಸಾಲಿನ ಕೆಲಸ. ಎಲ್ಲಾ ಇಂಥವೇ ಕೆಂಪು ಟೂಲು, ಸವೆದು ಹೋಗಿರೋವು. ಒಂದು ಸಲ ಕಚ್ಚಿಸಿದ್ರೆ ನಿಲ್ತಿರ್ಲಿಲ್ಲ. ಅದಕ್ಕೇ ತಿರುಗಿಸಿ ಇನ್ನೊಂದು ಸಲ. ನಮ್ಮ ಸಾಲಿನ ಹುಡ್ಗೀರೆಲ್ಲ ಹಾಗೇ."

ಗೊಂಬೆ ಫ್ಯಾಕ್ಟರಿ. ಗೊಂಬೆಗೆ ಕೂದಲು ಅಂಟಿಸುತ್ತಿದ್ದಳೇನೋ ಅಂದುಕೊಂಡಿದ್ದಳು ಚಿಮಟದಕ್ಕ. ಒಂದು ಸೂರಿನಡಿ ಇಷ್ಟು ಕಾಲ ಇದ್ದೂ, ಅಲ್ಲಿ ನೀನು ಏನು ಕೆಲಸ ಮಾಡ್ತಿದ್ದೆ ಅಂತ ಒಂದು ದಿನವಾದರೂ ಕೇಳಿದ್ದಳೇ? ಜ್ವರ ಬಂದಾಗ ತನಗೆ ಗಂಜಿ ಕುಡಿಸಿದ್ದು ಇದೇ ಕೈ. ವಾರವಾರವೂ ತನ್ನ ತಲೆಗೆ ಎಣ್ಣೆ ತಟ್ಟಿದ್ದು ಇದೇ ಕೈ.

"ನೀನಾ?" ಎಂದಳು. ಆಮೇಲೆ ಅವಳ ಸಿಟ್ಟು ಕಟ್ಟೆ ಒಡೆಯಿತು. "ನೀನಾ ಕಣೇ? ಅವನ ಜೊತೆ ಉಂಡು, ಅವನ ಜೊತೆ ಮಲಗಿ, ಅವನ ಸಾವನ್ನ ಈ ಬೆರಳಲ್ಲಿ ಹೊಸೆದ್ಯಾ? ನಾನು ಎದೆ ಎದೆ ಬಡ್ಕೊಂಡು ಅಳ್ತಿದ್ರೆ ಪಕ್ಕದಲ್ಲಿ ಕೂತು ನೀರು ಕೊಟ್ಯಲ್ಲೇ, ಪಾ‍ಪಿ!"

ಹುಡುಗಿ ಅಳಲಿಲ್ಲ. ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದಕ್ಕೆಳೆದು ಒಳಗಿನಿಂದ ಚಿಲಕ ಹಾಕಿದಳು. ಪರದೆಯ ಆಚೆ ಹೋಗಿ ಬೀರುವಿನ ಬಟ್ಟೆಗಳ ಅಡಿಯಿಂದ ಏನನ್ನೋ ತಂದು ಮೇಜಿನ ಮೇಲಿಟ್ಟಳು.

ತಮ್ಮನ ಟೂಲು. ದವಡೆಯ ಅಂಚಿನಲ್ಲಿ ಚೂರು ಹಾರಿದ ಜಾಗ ಬಿಸಿಲಿಗೆ ಮಿನುಗಿತು.

"ಇದು ಕಳೆದಿರ್ಲಿಲ್ಲ," ಎಂದಳು. "ಮನೇಲೇ ಬಿಟ್ಟುಹೋಗಿದ್ರು. ನೀವು ಪಿನ್ನಿನ ಜೊತೆ ಹೋಲಿಸಿ ನೋಡ್ತೀರಿ ಅಂತ ಹೆದರಿ ನಾನು ಬಚ್ಚಿಟ್ಟೆ."

"ಯಾಕೆ?"

"ಕೆನ್ನೆಗೆ ಏಟು ತಿಂದ ದಿನ ಮನೆಗೆ ಬಂದೋರು ನಿಮಗೆ ಕಾಣದ ಹಾಗೆ ಕೆನ್ನೆ ಮರೆಸಿ, ನನ್ನ ಹತ್ರ ಮಾತ್ರ ಹೇಳ್ಕೊಂಡ್ರು. ರಾತ್ರಿಯೆಲ್ಲ ಗೋಡೆ ನೋಡ್ಕೊಂಡು ಕೂತಿದ್ರು. ಬೆಳಿಗ್ಗೆ ನನ್ನ ಹಳೇ ಕೆಂಪು ಟೂಲ್ ಹುಡುಕಿ ತಂದು ಕೈಗೆ ಕೊಟ್ರು. ಒಂದು ಪಿನ್ ಹಾಕಿಕೊಡು, ನೋಡೋಕೆ ಗಟ್ಟಿ ಇರ್ಬೇಕು, ಒಳಗೆ ತಾಮ್ರ ಸಡಿಲ ಇರ್ಬೇಕು ಅಂದ್ರು. ನಿಮ್ಮದರಲ್ಲೇ ಹಾಕ್ಕೊಳ್ಳಿ ಅಂದೆ. ನಂದ್ರಲ್ಲಿ ಹಾಕಿದ್ರೆ ನಮ್ಮಕ್ಕ ಗುರುತು ಹಿಡೀತಾಳೆ ಅಂದ್ರು."

ಚಿಮಟದಕ್ಕ ಮೇಜಿನ ಅಂಚನ್ನು ಹಿಡಿದುಕೊಂಡಳು.

"ರಟ್ಟು ಸಿಕ್ಕಾಕ್ಕೊಂಡ್ರೆ ಆ ಮನುಷ್ಯ ಇನ್ನೊಬ್ಬರ ಕೈಗೆ ಬಿಡಲ್ಲ, ತಾನೇ ಕೈ ಹಾಕ್ತಾನೆ, ಹಾಕ್ಲಿ ಅಂದ್ರು. ನಂಗೆ ಅರ್ಥ ಆಯ್ತು ಅತ್ತಿಗೆ. ಆದ್ರೂ ಹಾಕಿಕೊಟ್ಟೆ. ಅವರ ಕೆನ್ನೆ ಮೇಲೆ ಬೆರಳಿನ ಗುರುತು ಇನ್ನೂ ಹಾಗೇ ಇತ್ತು. ನಂಗೂ ರಕ್ತ ಕುದೀತಿತ್ತು."

ಇಷ್ಟು ದಿನ ಹಂತಕನನ್ನು ಹುಡುಕಿಕೊಂಡು ಅಲೆದವಳಿಗೆ, ಹುಡುಕುತ್ತಿದ್ದದ್ದು ತನ್ನ ಬೆನ್ನ ಹಿಂದೆ ಅವಿತು ನಿಲ್ಲುತ್ತಿದ್ದ ಆ ಸಣ್ಣ ಹುಡುಗನನ್ನೇ ಎಂದು ಈಗ ತಿಳಿಯಿತು. ಸೇಡಿನ ಹಠ ಅವನಿಗೆ ಎಲ್ಲಿಂದ ಬಂತು ಅಂತ ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಮಾರನೇ ದಿನ ನಂಗೆ ತಡೆಯೋಕಾಗ್ಲಿಲ್ಲ. ಇದು ಪಾಪ, ಬೇಡ ಅನ್ನಿಸ್ತು. ಓಡಿಹೋದೆ. ಗೇಟಿಗೆ ಆ ಸೂಪರ್‌ವೈಸರನ್ನ ಕರೆಸಿದ್ದು ನಾನೇ. ವಾಚ್‌ಮನ್ ಒಳಗೆ ಹೋದ ಮೇಲೆ ಹೆದರಿಕೆ ಆಯ್ತು, ಗೋಡೆ ಮರೆಗೆ ನಿಂತ್ಕೊಂಡೆ. ಆ ಮನುಷ್ಯ ಈಚೆ ಬಂದದ್ದು ನೋಡಿ, ಸದ್ಯ, ಉಳೀತು ಅಂತ ನಿಟ್ಟುಸಿರು ಬಿಟ್ಟೆ. ಅಷ್ಟರಲ್ಲಿ ಒಳಗಿಂದ ಸದ್ದು ಕೇಳಿಸ್ತು."

ಹುಡುಗಿ ತನ್ನ ಬಲಗೈಯನ್ನು ಮೇಜಿನ ಮೇಲೆ, ಎರಡು ಪಿನ್ನುಗಳ ಪಕ್ಕದಲ್ಲಿ ಅಂಗೈ ಮೇಲಾಗಿ ಚಾಚಿದಳು.

"ಆ ಪಿನ್ ಹಾಕಿದ ಕೈ ಇದು. ಯಂತ್ರಕ್ಕೆ ಕೊಡ್ತೀನಿ ಅಂದ್ರಲ್ಲ, ಕೊಡಿ. ಬೇಡ ಅನ್ನಲ್ಲ. ಅದಕ್ಕೆ ಮೊದ್ಲು ಒಂದೇ ಒಂದು ಹೇಳಿ ಅತ್ತಿಗೆ."

"ಏನು?"

"ಯಂತ್ರದ ಕಣ್ಣು ಕುರುಡು ಅಂತ ಆ ವರ್ಕ್‌ಶಾಪಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಶತ್ರು ಈಚೆ ಬಂದಿದ್ದ. ಇವರು ಸುಮ್ನೆ ದೂರ ನಿಂತಿದ್ರೆ ಸಾಕಿತ್ತು. ಎಲ್ಲಾ ಗೊತ್ತಿದ್ದೂ ಅವರೇ ಯಾಕೆ ಒಳಗೆ ಬಗ್ಗಿದ್ರು? ರಟ್ಟು ತೆಗೆಯೋಕೆ ಬಗ್ಗಿದ ಇನ್ಯಾರನ್ನೋ ಹಿಡಿದು ಈಚೆ ಎಳೆಯೋಕೆ ಹೋದ್ರಾ? ಇಲ್ಲಾ, ಯಾರು ಅವರನ್ನ ತಳ್ಳಿದ್ರು?"

ಮುಚ್ಚಿದ ಬಾಗಿಲಿನ ಸಂದಿಯಲ್ಲಿ, ಸೂಪರ್‌ವೈಸರ್ ಇಳಿದುಹೋಗಿದ್ದ ಮೆಟ್ಟಿಲ ಮೇಲೇ ಎರಡು ಪಾದಗಳ ನೆರಳು ಕಂಡಿತು. ಅದು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿತ್ತೋ ಇಬ್ಬರಿಗೂ ತಿಳಿಯಲಿಲ್ಲ.